ನೂಲು ಮೇಸ್ತ್ರಿಯ ಕಳೆಗಳು

ಮೂವತ್ತನಾಲ್ಕು ವರ್ಷ ಸಂಬಳ ತೆಗೆದುಕೊಂಡು ಕಿತ್ತು ಎಸೆದದ್ದನ್ನು ನಿವೃತ್ತಿಯಾದ ಮೇಲೆ ಬಿಟ್ಟಿಯಾಗಿ ಬೆಳೆಸಲು ಹೊರಟ ಮನುಷ್ಯ ನಮ್ಮ ಮಾವ, ನನ್ನ ಅಮ್ಮನ ತಮ್ಮ. ನನ್ನನ್ನು ಎತ್ತಿ ಆಡಿಸಿದವನಾದ್ದರಿಂದ ಅವನನ್ನು ನಾನು ಏಕವಚನದಲ್ಲೇ ಕರೆಯುವುದು. ಬಹುವಚನ ಹಚ್ಚಿದರೆ ಯಾರೋ ದೊಡ್ಡವರು ಬಂದರೇನೋ ಎಂದು ಅವನೇ ಹಿಂದೆ ತಿರುಗಿ ನೋಡುತ್ತಾನೆ. ಅವನ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ. ಮೆಷಿನ್ನಿನ ಎದುರಿಗೆ ಕಿಟಕಿ, ಕಿಟಕಿಯ ಆಚೆ ಅಂಗಳ, ಅಂಗಳದ ಆಚೆ ಎದೆಯೆತ್ತರದ ಗೋಡೆ, ಆ ಗೋಡೆಯ ಆಚೆ ನೀರು ಸರಬರಾಜು ಕಚೇರಿಯ ಪಂಪ್‌ಹೌಸು. ಹಾಗಾಗಿ ನಾನು ಹೇಳುವುದೆಲ್ಲ ನನ್ನ ಕಣ್ಣೆದುರಿಗೆ ನಡೆದದ್ದೇ. ಅದನ್ನು ನೋಡುತ್ತಾ ಎಷ್ಟು ಸಲ ಸೂಜಿಯಿಂದ ಬೆರಳು ಚುಚ್ಚಿಕೊಂಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಆ ಕಚೇರಿಯ ತೋಟಕ್ಕೆ ಮಾವ ಮೇಸ್ತ್ರಿಯಾಗಿದ್ದ. ಕೈಕೆಳಗೆ ನಾಲ್ಕು ಜನ ಮಾಲಿಗಳು. ಜೇಬಿನಲ್ಲಿ ಸದಾ ಒಂದು ನೂಲಿನ ಉಂಡೆ ಇರುತ್ತಿದ್ದರಿಂದ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವನು ನೂಲು ಮೇಸ್ತ್ರಿ. ಎರಡು ಗೂಟ ನೆಟ್ಟು, ನಡುವೆ ನೂಲು ಬಿಗಿದು, ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ದಿಟ್ಟಿಸಿದ ಮೇಲೆಯೇ ಅವನ ತೋಟದಲ್ಲಿ ಒಂದು ಸಸಿ ನೆಲಕ್ಕೆ ಇಳಿಯುತ್ತಿತ್ತು. ಮಾಲಿಗಳಿಗೆ ಅವನು ಕಲಿಸಿದ್ದು ಒಂದೇ ನಿಯಮ: ನೂಲಿಗೆ ನಿಂತದ್ದು ಗಿಡ, ನೂಲು ತಪ್ಪಿದ್ದು ಕಳೆ. ಗುಲಾಬಿಯಾದರೂ ಬಿಡುವಂತಿಲ್ಲ. ಒಮ್ಮೆ ದೊಡ್ಡ ಎಂಜಿನಿಯರು ತಮ್ಮ ಕೈಯಾರೆ ನೆಟ್ಟ ಸಸಿ ನೂಲಿನಿಂದ ನಾಲ್ಕು ಬೆರಳು ಆಚೆ ಬಿದ್ದಿತ್ತು. ಅವರು ಊಟಕ್ಕೆ ಹೋಗುವುದನ್ನೇ ಕಾದಿದ್ದು ಮಾವ ಅದನ್ನು ಕಿತ್ತು ಸರಿಯಾದ ಜಾಗಕ್ಕೆ ಕೂರಿಸಿದ. ಎಂಜಿನಿಯರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಸಸಿ ಮಾತ್ರ ಮೂರು ದಿನ ಮುಖ ಬಾಡಿಸಿಕೊಂಡಿತ್ತು.

ಮನೆಯಲ್ಲೂ ಅದೇ ಕಥೆ. ಬಾಗಿಲ ಬಳಿ ಚಪ್ಪಲಿಗಳು ಪೊಲೀಸರ ಕವಾಯತಿನಂತೆ ನಿಂತಿರಬೇಕು. ಪಾತ್ರೆಯ ಮುಚ್ಚಳಗಳು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಬೇಕು. ನನ್ನ ಗಿರಾಕಿಗಳು ಕಾಯುತ್ತಾ ಕೂತಿದ್ದಾಗ ಬೆಂಚಿನ ಮೇಲೆ ಒಬ್ಬರಿಗೊಬ್ಬರಿಗೆ ಸಮ ಅಂತರ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿದ್ದೂ ಉಂಟು.

ಈ ಮನೆಯಲ್ಲಿ ನೂಲು ಹಿಡಿಯದೆ ಬೆಳೆಯಲು ಅನುಮತಿ ಇದ್ದದ್ದು ಒಂದೇ ಜೀವಕ್ಕೆ, ಅತ್ತೆಯ ಕುಂಬಳದ ಬಳ್ಳಿಗೆ. ಅತ್ತೆ ಅಂದರೆ ಮಾವನ ಹೆಂಡತಿ. ಹಾಲಿನ ಬೂತಿನಲ್ಲಿ ಕೆಲಸ. ಬೆಳಗ್ಗೆ ಐದಕ್ಕೆ ಮನೆ ಬಿಟ್ಟರೆ ವಾಪಸು ಬರುವುದು ಹತ್ತಕ್ಕೆ. ಬಳ್ಳಿಯ ಬೀಜ ಅವಳ ಅಮ್ಮನ ಹಿತ್ತಲಿನದು. ಅಮ್ಮ ಹೋದಳು, ಹಿತ್ತಲಿನ ಜಾಗದಲ್ಲಿ ಈಗ ಗಾಡಿ ರಿಪೇರಿ ಶೆಡ್ಡು. ಅಮ್ಮನ ಕೈಯಿಂದ ಬಂದದ್ದೆಂದು ಅತ್ತೆಯ ಬಳಿ ಉಳಿದದ್ದು ಹಳೆಯ ಪೌಡರ್ ಡಬ್ಬಿಯೊಳಗಿನ ಆ ಬೀಜಗಳು ಮಾತ್ರ. ಬೂದು ಸಿಪ್ಪೆಯ, ಏಣು ಏಣಾದ ಕಾಯಿ ಅದು. ಪ್ರತಿವರ್ಷ ಒಂದು ಕಾಯನ್ನು ಬಲಿಯಲು ಬಿಟ್ಟು ಡಬ್ಬಿ ತುಂಬಿಸಿಕೊಳ್ಳುವುದು ಅವಳ ಕ್ರಮ. ಆದರೆ ಮೂರು ವರ್ಷದಿಂದ ಕಾಯಿ ನಿಲ್ಲುತ್ತಿರಲಿಲ್ಲ. ಹೂವೇನೋ ಬಿಡುತ್ತಿತ್ತು, ಹೂವಿನ ಬುಡದ ಮಿಡಿ ನಿಂಬೆಹಣ್ಣಿನಷ್ಟಾಗಿ ಹಳದಿಯಾಗಿ ಉದುರಿ ಹೋಗುತ್ತಿತ್ತು. ಡಬ್ಬಿ ಬರಿದಾಗುತ್ತಾ ಬಂತು. ಈ ವರ್ಷ ಉಳಿದಿದ್ದು ನಾಲ್ಕೇ ಬೀಜ. ನಾಲ್ಕನ್ನೂ ಹಾಕಿದಳು. ಮೊಳೆತದ್ದು ಒಂದು. ಅದೂ ಹೋದರೆ ಮುಗಿಯಿತು.

ಕೈಯಲ್ಲೇ ಗಂಡು ಹೂವಿನ ಪುಡಿ ತೆಗೆದು ಹೆಣ್ಣು ಹೂವಿಗೆ ಸವರಿದರಾಗದೇ ಎಂದು ತಿಳಿದವರು ಕೇಳುತ್ತೀರಿ. ಹೋದ ವರ್ಷ ಮಾವ ಅದನ್ನೂ ಮಾಡಿದ. ರಜೆ ಹಾಕಿ, ಬಣ್ಣದ ಕುಂಚ ಹಿಡಿದು, ಹತ್ತು ದಿನ ಭಕ್ತಿಯಿಂದ ಸವರಿದ. ಬೂತಿಗೆ ವರ್ಷಕ್ಕೊಮ್ಮೆ ಸಿಗುವ ರಜೆಯ ದಿನ ಅತ್ತೆ ಬಂದು ನೋಡಿದರೆ ಅವನು ಗಂಡಿನಿಂದ ತೆಗೆದು ಗಂಡಿಗೇ ಹಚ್ಚುತ್ತಿದ್ದ. ತಿದ್ದಿ ತೋರಿಸಿದ ಮೇಲೆ ಹೆಣ್ಣು ಹೂವನ್ನು ಹಿಡಿದ, ಬೇಲಿ ಕತ್ತರಿಸಿ ಪಳಗಿದ ಆ ಕೈಗೆ ಅದು ಚಟಕ್ಕನೆ ಕಳಚಿ ಬಂತು. ಅಂದಿನಿಂದ ಮಾವ ಬಳ್ಳಿಯಿಂದ ಎರಡು ಮಾರು ದೂರ ಇರಬೇಕೆಂದು ಅತ್ತೆಯ ಅಪ್ಪಣೆಯಾಯಿತು. ನಾನು ಮಾಡಬಹುದಿತ್ತಲ್ಲ ಎಂದರೆ, ನನಗೆ ಆ ಪುಡಿ ಮೂಗಿಗೆ ಬಡಿದರೆ ಸೀನು ಶುರು. ಸೀನು ನಿಲ್ಲುವಷ್ಟರಲ್ಲಿ ಹೂವು ಬಾಡಿರುತ್ತದೆ. ಕುಂಬಳದ ಹೂವು ಬೆಳಕು ಹರಿಯುವಾಗ ಅರಳಿ ಒಂಬತ್ತು ಗಂಟೆಗೆ ಅಂಗಡಿ ಮುಚ್ಚುತ್ತದೆ, ಅತ್ತೆ ಬರುವುದು ಹತ್ತಕ್ಕೆ.

ಹೀಗಿರುವಾಗ ಮಾವ ನಿವೃತ್ತನಾದ. ಕಚೇರಿಯವರು ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅದನ್ನು ಗೋಡೆಗೆ ಹಾಕಲು ನೂಲು ಹಿಡಿದು ಅರ್ಧ ದಿನ ತೆಗೆದುಕೊಂಡ. ಮರುದಿನದಿಂದ ಮಾಡಲು ಏನೂ ಇರಲಿಲ್ಲ. ಅತ್ತೆಯೇ ಕೆಲಸ ಕೊಟ್ಟಳು: ಬೆಳಗ್ಗೆ ಎರಡು ಮಾರು ದೂರದಲ್ಲಿ ಸ್ಟೂಲು ಹಾಕಿಕೊಂಡು ಕೂರುವುದು, ಹೂವಿಗೆ ಯಾರು ಬರುತ್ತಾರೆ ನೋಡುವುದು, ಮುಟ್ಟದಿರುವುದು. ಮಾವ ಏಳು ದಿನ ಶ್ರದ್ಧೆಯಿಂದ ಕೂತ. ಬಂದದ್ದು ಇರುವೆಗಳು, ಒಂದು ನೊಣ, ಮತ್ತು ಬೀದಿ ಕಡೆಯಿಂದ ಇಣುಕಿ ಏನು ಕಾಯುತ್ತಿದ್ದೀರಿ ಎಂದು ಕೇಳಿದ ಪೇಪರಿನವನು. ನೊಣವೂ ಹೂವಿನ ಮೇಲೆ ಕೂರಲಿಲ್ಲ, ಮಾವನ ಮೂಗಿನ ಮೇಲೆ ಕೂತಿತು. ಜೇನು ಎಂಬುದು ಒಂದೂ ಬರಲಿಲ್ಲ.

ಆ ವಾರವೇ ನನ್ನ ಬಳಿ ಬಟ್ಟೆ ಹೊಲಿಸುವ ವಿಜ್ಞಾನದ ಟೀಚರು ತೋಳು ಸಡಿಲ ಮಾಡಿಸಲು ಬಂದಿದ್ದರು. ಮಾವ ಸ್ಟೂಲಿನ ಮೇಲಿಂದಲೇ ತನ್ನ ಕಷ್ಟ ಹೇಳಿಕೊಂಡ. ಟೀಚರು ಕಿಟಕಿಯಿಂದ ಸುತ್ತ ನೋಡಿ, ಈ ಬೀದಿಯನ್ನೂ ಆ ಕಚೇರಿಯ ಆವರಣವನ್ನೂ ಇಷ್ಟು ಚೊಕ್ಕಟವಾಗಿ ಇಟ್ಟವರು ಯಾರು ಎಂದು ಕೇಳಿದರು. ಮಾವ ಎದೆ ಉಬ್ಬಿಸಿ, ಮೂವತ್ತನಾಲ್ಕು ವರ್ಷ, ನಾನೇ ಎಂದ. ಟೀಚರಿಗೆ ಪಾಪ ಅನ್ನಿಸಿತು, ಆದರೂ ಹೇಳಿದರು. ಜೇನಿಗೂ ದುಂಬಿಗೂ ವರ್ಷವಿಡೀ ಏನಾದರೊಂದು ಹೂವು ಬೇಕು. ಈ ನೆಲದಲ್ಲಿ ತಾವಾಗಿ ಹುಟ್ಟುವ ತುಂಬೆ, ಅಣ್ಣೆಯಂಥವು ಅವಕ್ಕೆ ದಿನನಿತ್ಯದ ಅನ್ನ. ಅರ್ಧಕ್ಕರ್ಧ ದುಂಬಿಗಳು ಗೂಡು ಮಾಡುವುದೂ ಬರಿ ಮಣ್ಣಿನಲ್ಲಿ, ಒಣಗಿದ ದಂಟಿನಲ್ಲಿ. ಅದನ್ನೆಲ್ಲ ಗುಡಿಸಿ ಹಾಕಿ, ಎರಡು ಮೂರು ತಾಸು ಅರಳಿರುವ ನಿಮ್ಮ ಕುಂಬಳದ ಹೂವಿಗೆ ಮಾತ್ರ ಬಾ ಅಂದರೆ ಅವು ಎಲ್ಲಿಂದ ಬರಬೇಕು? ಮಾವನ ಎದೆ ನಿಧಾನವಾಗಿ ಇಳಿಯಿತು.

ನನ್ನ ಬಾಯಿ ಸುಮ್ಮನಿರುವುದಿಲ್ಲ. ಹತ್ತಕ್ಕೆ ಅತ್ತೆ ಬಂದ ಕೂಡಲೇ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಅವಳು ಹಾಲಿನ ಕ್ಯಾನನ್ನು ಕೆಳಗಿಟ್ಟು, ಸೆರಗಿನಿಂದ ಕತ್ತು ಒರೆಸಿಕೊಂಡು, ಮಾವನನ್ನು ನೋಡಿದಳು.

"ಹಂಗಾದ್ರೆ ನಮ್ಮಮ್ಮನ ಬಳ್ಳೀನ ನೀವೇ ಕಿತ್ತ ಹಾಗಾಯ್ತು," ಎಂದಳು.

ಕೂಗಾಡಿದ್ದರೆ ಮಾವನಿಗೆ ಸುಲಭವಾಗುತ್ತಿತ್ತು, ಕಿವಿಗೆ ಹಾಕಿಕೊಳ್ಳದೆ ಕೂರುವ ಅಭ್ಯಾಸ ಅವನಿಗಿತ್ತು. ಅವಳು ಮೆಲ್ಲಗೆ ಹೇಳಿ ಒಳಗೆ ಹೋದಳು. ಅಂದು ಅವನ ಟೀ ಲೋಟ ಹಾಗೇ ಆರಿತು, ಮೇಲೆ ಕೆನೆ ಕಟ್ಟಿತು.

ಮರುದಿನ ಮಾವ ಕಳೆ ಬೆಳೆಸಲು ಶುರು ಮಾಡಿದ. ಅದೇನು ದೊಡ್ಡ ವಿಷಯ ಎನ್ನಬೇಡಿ. ಕೀಳುವುದರಲ್ಲಿ ಪಳಗಿದವನಿಗೆ ಹುಡುಕುವುದೇ ಕಷ್ಟ, ಏಕೆಂದರೆ ಸುತ್ತಮುತ್ತ ಅವನೇ ಒಂದನ್ನೂ ಉಳಿಸಿರಲಿಲ್ಲ. ಹಳೆಯ ಮಾಲಿಗಳ ಬಳಿ ಹೋಗಿ, ಒಳ್ಳೆ ಕಳೆ ಏನಾದರೂ ಇದೆಯೇನ್ರಯ್ಯಾ ಎಂದು ಕೇಳಿದನಂತೆ. ನಿವೃತ್ತಿಯಾದ ತಿಂಗಳಿಗೇ ಹೀಗಾಯಿತಲ್ಲ ಎಂದು ಅವರು ಅವನನ್ನು ಕೂರಿಸಿ ನೀರು ಕೊಟ್ಟರಂತೆ. ಕೊನೆಗೆ ಬಸ್ ನಿಲ್ದಾಣದ ಹಿಂದಿನಿಂದ, ಚರಂಡಿಯ ಪಕ್ಕದಿಂದ ಹನ್ನೆರಡು ತುಂಬೆ, ಎಂಟು ಅಣ್ಣೆ ಸಸಿಗಳನ್ನು ಬೇರು ಸಮೇತ ಒದ್ದೆ ಗೋಣಿಯಲ್ಲಿ ಸುತ್ತಿ, ಹಸುಗೂಸಿನಂತೆ ಎತ್ತಿಕೊಂಡು ತಂದ.

ತಂದವನು ಏನು ಮಾಡಿರಬಹುದು ಹೇಳಿ. ಗೂಟ ನೆಟ್ಟ, ನೂಲು ಬಿಗಿದ, ಗೇಣಿಗೊಂದರಂತೆ ಕೂರಿಸಿದ. ಗುಂಡಿಗೆ ಗೊಬ್ಬರ ಸುರಿದ. ಹೊತ್ತಿಗೆರಡು ಸಲ ನೀರು ಹನಿಸಿದ. ಇಷ್ಟು ಉಪಚಾರವನ್ನು ಆ ತುಂಬೆಯ ವಂಶದಲ್ಲಿ ಯಾರೂ ಕಂಡಿರಲಿಲ್ಲ. ವಾರದೊಳಗೆ ಹನ್ನೆರಡೂ ಕೊಳೆತು ಮಲಗಿದವು. ಅಣ್ಣೆ ಸಾಯಲಿಲ್ಲ, ಗೊಬ್ಬರ ತಿಂದು ಕೊಬ್ಬಿ ಸೊಂಟದೆತ್ತರ ಸೊಪ್ಪಾಗಿ ನಿಂತಿತು, ಹೂವಿನ ಸುದ್ದಿಯಿಲ್ಲ. ಅದೇ ಹೊತ್ತಿಗೆ ನಮ್ಮ ಬಚ್ಚಲ ಕಲ್ಲಿನ ಬಿರುಕಿನಲ್ಲಿ ಯಾರೂ ಕರೆಯದ ಒಂದು ತುಂಬೆ ಎದ್ದು, ಸೋಪಿನ ನೀರು ಕುಡಿದುಕೊಂಡು ಬೆಳ್ಳಗೆ ಹೂ ಬಿಟ್ಟಿತ್ತು. ಮಾವ ಅದರ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತ. ಇವುಗಳನ್ನು ಸಾಯಿಸಲು ಇಷ್ಟು ವರ್ಷ ಕುಡುಗೋಲು ಯಾಕೆ ಹಿಡಿದೆ, ಪ್ರೀತಿ ಮಾಡಿದ್ದರೆ ಸಾಕಿತ್ತು ಎಂದು ನಾನು ಕಿಟಕಿಯಿಂದ ಹೇಳಿದೆ.

ಇನ್ನಷ್ಟು ಸಸಿ ಸಿಗುತ್ತದೇನೋ ಎಂದು ಒಂದು ದಿನ ಅವನು ಹಳೆಯ ಅಭ್ಯಾಸದ ಮೇಲೆ ಪಂಪ್‌ಹೌಸಿನ ಹಿಂದಕ್ಕೆ ಹೋದ. ಕಿತ್ತ ಕಳೆಯನ್ನು ಗಾಡಿಯಲ್ಲಿ ತುಂಬಿ ತಂದು ಸುರಿಯುತ್ತಿದ್ದ ಜಾಗ ಅದು. ಪ್ರತಿವರ್ಷ ಮಳೆಗೆ ಮುಂಚೆ ಮಾವನೇ ನಿಂತು ಅದಕ್ಕೆ ಬೆಂಕಿ ಹಾಕಿಸುತ್ತಿದ್ದ. ಈ ಸಲ ಅವನಿರಲಿಲ್ಲ. ಅವನ ಜಾಗಕ್ಕೆ ಬಂದವನು ಅವನ ಶಿಷ್ಯನೇ, ಇಪ್ಪತ್ತು ವರ್ಷ ಅವನ ಕೈಕೆಳಗೆ ಬಗ್ಗಿ ಕಳೆ ಕಿತ್ತ ಮಾಲಿ. ಗುರು ಹೇಳದೆ ಬೆಂಕಿ ಹೇಗೆ ಹಾಕುವುದೆಂದು ಆ ಹೊಸ ಮೇಸ್ತ್ರಿ ಸುಮ್ಮನಿದ್ದುಬಿಟ್ಟಿದ್ದ. ಆಮೇಲೆ ಮಳೆ ಬಂದಿತ್ತು, ಗೋಡೆಯ ಆಚೆ ಬುಡದಲ್ಲಿ ಏನು ನಡೆಯುತ್ತಿದೆ ಎಂದು ನಮ್ಮ ಕಡೆಯಿಂದ ಕಾಣುತ್ತಿರಲಿಲ್ಲ.

ಅರ್ಧ ಗಂಟೆಯಲ್ಲಿ ಮಾವ ಓಡುತ್ತಾ ಬಂದ. ಅವನು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಕೈ ಹಿಡಿದು, ಆಗ ತಾನೆ ಬೂತಿನಿಂದ ಬಂದಿದ್ದ ಅತ್ತೆಯನ್ನೂ ಕರೆದುಕೊಂಡು ಹೋದ. ಕಾವಲುಗಾರ ಹಳೆಯ ಮೇಸ್ತ್ರಿಯೆಂದು ಹಿಂದಿನ ಗೇಟು ತೆಗೆದ. ಅಲ್ಲಿ, ಒಡೆದ ಇಟ್ಟಿಗೆಗಳ ರಾಶಿಯಿಂದ ಹಿಡಿದು ನಮ್ಮ ಗೋಡೆಯ ಬುಡದವರೆಗೆ, ಮೂವತ್ತನಾಲ್ಕು ವರ್ಷ ಅವನು ಎಸೆದದ್ದೆಲ್ಲ ಎದ್ದು ನಿಂತು ಹೂ ಬಿಟ್ಟಿತ್ತು. ಬಿಳಿ ತುಂಬೆ, ತುದಿಗೆ ಗುಲಾಬಿ ಬಣ್ಣ ಹಚ್ಚಿಕೊಂಡ ಅಣ್ಣೆ, ನೆಲಕ್ಕೆ ಅಂಟಿಕೊಂಡ ನೀಲಿ, ಕಲ್ಲುಗಳ ನಡುವೆ ಹಳದಿ. ಒಂದಕ್ಕೊಂದು ಸಾಲಿಲ್ಲ, ಅಂತರವಿಲ್ಲ. ಎಲ್ಲದರ ಮೇಲೂ ಗುಂಯ್ ಎನ್ನುವ ಸದ್ದು. ಸಣ್ಣ ಜೇನು, ದೊಡ್ಡ ಜೇನು, ಹೊಟ್ಟೆಯ ಮೇಲೆ ನೀಲಿ ಪಟ್ಟೆಯ ದುಂಬಿ, ಉಗುರಿನಷ್ಟು ಚಿಟ್ಟೆಗಳು. ನನ್ನ ಹೊಲಿಗೆ ಮೆಷಿನ್ನೂ ಅಷ್ಟು ಚುರುಕಾಗಿ ಓಡುವುದಿಲ್ಲ.

ಅತ್ತೆ ಬಗ್ಗಿ ಒಂದೊಂದು ಹೂವನ್ನೂ ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಮಾವನಿಗೆ ನಾಚಿಕೆಯೂ ಆಗಿತ್ತು, ಸಂತೋಷವೂ ಆಗಿತ್ತು. ಎರಡನ್ನೂ ಒಂದೇ ಮುಖದಲ್ಲಿ ಹೇಗೆ ಇಟ್ಟುಕೊಳ್ಳುವುದೆಂದು ತಿಳಿಯದೆ ಅವನು ಕೆಮ್ಮಿದ.

ಆ ವಾರವೇ ಅತ್ತೆಯ ಬಳ್ಳಿಯಲ್ಲಿ ಗಂಡು ಹೂವುಗಳು ಮತ್ತೆ ಅರಳತೊಡಗಿದವು, ಗೋಡೆ ದಾಟಿ ಒಂದೆರಡು ಜೇನೂ ಬಂದವು. ಬುಡದಲ್ಲಿ ಪುಟ್ಟ ಗುಂಡು ಮಿಡಿ ಹೊತ್ತ ಹೆಣ್ಣು ಮೊಗ್ಗು ಒಂದೇ ಒಂದು ಕಾಣಿಸಿಕೊಂಡಿತು. ಸೋಮವಾರ ಬೆಳಗ್ಗೆ ಅರಳುತ್ತದೆ ಎಂದು ಅತ್ತೆ ಬೆರಳು ಮುಟ್ಟಿಸದೆ ಹೇಳಿದಳು. ಬಳ್ಳಿಯ ಬುಡ ಆಗಲೇ ಒಣಗಲು ಶುರುವಾಗಿತ್ತು, ಇನ್ನೊಂದು ಹೆಣ್ಣು ಮೊಗ್ಗು ಬರುವ ಭರವಸೆ ಅವಳಿಗಿರಲಿಲ್ಲ. ಮಾವ ಸ್ಟೂಲನ್ನು ಎರಡು ಮಾರಿನಿಂದ ಎರಡೂವರೆ ಮಾರಿಗೆ ತಾನಾಗಿ ಸರಿಸಿಕೊಂಡ.

ಶುಕ್ರವಾರ ಹೊಸ ಮೇಸ್ತ್ರಿ ಗೋಡೆಯ ಬಳಿ ಬಂದು ಸಂಭ್ರಮದಿಂದ ಸುದ್ದಿ ಕೊಟ್ಟ. ಸೋಮವಾರ ಮೇಲಿನ ಸಾಹೇಬರ ತಪಾಸಣೆಯಂತೆ. ಪಂಪ್‌ಹೌಸಿನ ಹಿಂದಿನ ಕಳೆಯನ್ನೆಲ್ಲ ತೆಗೆದು ಸ್ವಚ್ಛ ಮಾಡತಕ್ಕದ್ದು ಎಂದು ಲಿಖಿತ ಆದೇಶ ಬಂದಿದೆಯಂತೆ. ಬೆಳಗ್ಗೆ ಏಳೂವರೆಗೆ ಹುಲ್ಲು ಹೊಡೆಯುವ ಮೆಷಿನ್ ತರುತ್ತಾರಂತೆ. ಗುರುಗಳು ಬಂದು ನೋಡಬೇಕು, ನೀವು ಕಲಿಸಿದ ಹಾಗೇ ಬೋಳು ಮಾಡಿಬಿಡುತ್ತೇವೆ ಎಂದ. ಮಾವ ಗೋಡೆಯ ಮೇಲಿಂದ ಬಾಗಿ ಅವನ ತೋಳು ಹಿಡಿದುಕೊಂಡ. ಬೇಡ ಕಣಯ್ಯ, ಒಂದು ವಾರ ಬಿಡು ಎಂದು ಬೇಡಿಕೊಂಡ. ಮೇಸ್ತ್ರಿ ಮುಖ ಸಣ್ಣ ಮಾಡಿಕೊಂಡು, ಕಾಗದದಲ್ಲಿ ಕಳೆ ಎಂದು ಬರೆದಿದೆ, ಬಿಟ್ಟರೆ ನನ್ನ ಕೆಲಸಕ್ಕೆ ಕುತ್ತು ಬರುತ್ತದೆ ಎಂದ. ಅವನ ತಪ್ಪೇನೂ ಇರಲಿಲ್ಲ. ಕಳೆ ಯಾವುದೆಂದು ಅವನಿಗೆ ಹೇಳಿಕೊಟ್ಟವನು ಗೋಡೆಯ ಈಚೆ ನಿಂತಿದ್ದ.

ಆ ಮೆಷಿನ್ ಶುರುವಾದರೆ ಹೂವೂ ಉಳಿಯುವುದಿಲ್ಲ, ಜೇನೂ ನಿಲ್ಲುವುದಿಲ್ಲ. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ಅತ್ತೆಯ ಹೂವು ಬಾಯಿ ತೆರೆದುಕೊಂಡು ಸುಮ್ಮನೆ ಕಾದು ಮುಚ್ಚಿಕೊಳ್ಳುತ್ತದೆ. ಶನಿವಾರವಿಡೀ ಮಾವ ಅಂಗಳದಲ್ಲಿ ಶತಪಥ ಹಾಕಿದ, ಅದೂ ನೇರ ಗೆರೆಯಲ್ಲಿ. ಭಾನುವಾರ ಬೆಳಗ್ಗೆ ಜೇಬಿನಿಂದ ನೂಲಿನ ಉಂಡೆ ತೆಗೆದು ನನ್ನ ಮೇಜಿನ ಮೇಲಿಟ್ಟು, ಇದು ಸಾಲದು, ನಿನ್ನ ಬಳಿ ಇರುವ ಗಟ್ಟಿ ನೂಲೆಲ್ಲ ಕೊಡು ಎಂದ. ನೂಲಿಗೆ ನಿಂತದ್ದನ್ನು ತನ್ನ ಶಿಷ್ಯರು ಕನಸಿನಲ್ಲೂ ಕೀಳುವುದಿಲ್ಲ ಎಂಬುದು ಅವನ ಲೆಕ್ಕ.

ಲೆಕ್ಕವೇನೋ ಸರಿ. ಆದರೆ ಪಂಪ್‌ಹೌಸಿನ ಹಿಂದೆ ಗೂಟ ನೆಟ್ಟು ನೂಲು ಬಿಗಿದು ನೋಡಿದರೆ, ಅಷ್ಟು ಗಿಡಗಳಲ್ಲಿ ನೂಲಿಗೆ ಸಿಕ್ಕಿದ್ದು ಎರಡು. ಮಾವ ಸನಿಕೆ ಎತ್ತಿಕೊಂಡ. ಉಳಿದವನ್ನು ಕಿತ್ತು ಸಾಲಿಗೆ ತರುತ್ತೇನೆ ಎಂದ. ನಮ್ಮ ಅಂಗಳದ ಹನ್ನೆರಡು ತುಂಬೆಗಳ ಗತಿ ನೆನಪಾಗಿ ನನಗೆ ರೇಗಿಹೋಯಿತು. ಸನಿಕೆ ಕಿತ್ತುಕೊಂಡು ಹೇಳಿದೆ:

"ಮಾವ, ನಾನು ಮೈಗೆ ತಕ್ಕ ಹಾಗೆ ಬಟ್ಟೆ ಕತ್ತರಿಸ್ತೀನಿ. ಬಟ್ಟೆಗೆ ತಕ್ಕ ಹಾಗೆ ಯಾರ ಮೈನೂ ಕತ್ತರಿಸಿಲ್ಲ."

ಅವನು ನನ್ನನ್ನು ನೋಡಿದ, ನೂಲನ್ನು ನೋಡಿದ, ಮತ್ತೆ ಗಿಡಗಳನ್ನು ನೋಡಿದ. ಆಮೇಲೆ ಬಗ್ಗಿ ಒಂದು ಗೂಟವನ್ನು ಕಿತ್ತು ಮೊದಲ ತುಂಬೆಯ ಪಕ್ಕ ನೆಟ್ಟ. ಅಲ್ಲಿಂದ ನೂಲನ್ನು ಮುಂದಿನದಕ್ಕೆ ಎಳೆದ, ಅಲ್ಲೊಂದು ಗೂಟ, ಅಲ್ಲಿಂದ ಪಕ್ಕಕ್ಕೆ ಅಣ್ಣೆಯ ಗುಂಪನ್ನು ಬಳಸಿಕೊಂಡು, ಕಲ್ಲನ್ನು ಸುತ್ತಿ, ಹಳದಿ ಹೂವಿನ ಹಿಂದಿನಿಂದ ಹಾದು, ವಾಪಸು. ಬಾಗಿದ ಗೆರೆ ಎಳೆಯುವುದು ಅವನಿಗೆ ಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಂತಷ್ಟು ಕಷ್ಟವಾಗುತ್ತಿತ್ತು ಎಂದು ಕಾಣುತ್ತದೆ. ನನ್ನ ಮೂರು ದೊಡ್ಡ ಉಂಡೆ ನೂಲು ಖಾಲಿಯಾಯಿತು. ಹತ್ತಕ್ಕೆ ಬಂದ ಅತ್ತೆ ಸೆರಗು ಸಿಕ್ಕಿಸಿ, ರಾಶಿಯಿಂದ ಒಡೆದ ಇಟ್ಟಿಗೆಗಳನ್ನು ಹೊತ್ತು ಕೊಡತೊಡಗಿದಳು. ನೂಲಿನ ಗುಂಟ ಇಟ್ಟಿಗೆ ಓರೆಯಾಗಿ ಹೂತು, ಮನೆಯಲ್ಲಿ ಮಿಕ್ಕಿದ್ದ ಸುಣ್ಣ ಬಳಿದೆವು. ನಡುವೆ ಕಾಲುದಾರಿಯೊಂದನ್ನೂ ಬಿಟ್ಟೆವು. ನೆಗ್ಗಿಲು ಮುಳ್ಳು ನನ್ನ ಚಪ್ಪಲಿ ತೂರಿಕೊಂಡು ಹಿಮ್ಮಡಿಗೆ ಚುಚ್ಚಿ, ಜೀವವೈವಿಧ್ಯದ ಮೇಲೆ ನನಗಿದ್ದ ಅಭಿಮಾನ ಸ್ವಲ್ಪ ಕಡಿಮೆಯಾಯಿತು.

ಸೋಮವಾರ ಅತ್ತೆ ಐದಕ್ಕೆ ಹೊರಡುವಾಗ ಮೊಗ್ಗಿನ ಮುಂದೆ ಒಂದು ನಿಮಿಷ ನಿಂತು ಹೋದಳು. ಆರೂವರೆಗೆ ಅದು ಅರಳಿತು, ಅಂಗೈಯಷ್ಟು ಅಗಲದ ಹಳದಿ. ನಾನು ಕಿಟಕಿಯಿಂದ ಹೂವನ್ನು ಕಾಯುವುದು, ಮಾವ ಗೋಡೆಯ ಬಳಿ ನಿಂತು ಆಚೆ ಕಡೆ ನೋಡುವುದು ಎಂದು ಒಪ್ಪಂದವಾಗಿತ್ತು. ಏಳಾಯಿತು. ಹೂವಿಗೆ ಯಾರೂ ಬರಲಿಲ್ಲ. ಏಳೂವರೆಗೆ ಸರಿಯಾಗಿ ಹೊಸ ಮೇಸ್ತ್ರಿ, ಮೂವರು ಮಾಲಿಗಳು, ಮೆಷಿನ್ ಎಲ್ಲ ಬಂದವು. ನಾನು ಕೆಲಸ ಬಿಟ್ಟು, ಗೋಡೆಯ ಆಚೆ ಕಾಣಲೆಂದು ಬೆಂಚು ಹತ್ತಿ ಕಿಟಕಿಯ ಸರಳಿಗೆ ಮುಖ ಒತ್ತಿದೆ.

ಮೇಸ್ತ್ರಿ ನೋಡಿದವನೇ ನಿಂತುಬಿಟ್ಟ. ಮಾಲಿಯೊಬ್ಬ ಮೆಷಿನ್ನಿನ ಹಗ್ಗ ಒಂದು ಸಲ ಎಳೆದ, ಅದು ಗುರ್ ಎಂದು ಸತ್ತಿತು. ಮೇಸ್ತ್ರಿ ಕೈ ಎತ್ತಿ ಅವನನ್ನು ತಡೆದ. ಸುಣ್ಣ ಬಳಿದ ಇಟ್ಟಿಗೆಗಳ ಹತ್ತಿರ ಹೋಗಿ ಮಂಡಿಯೂರಿ, ಗುರು ಕಲಿಸಿದ ಹಾಗೇ ಒಂದು ಕಣ್ಣು ಮುಚ್ಚಿ, ಗೆರೆಯ ಉದ್ದಕ್ಕೂ ದಿಟ್ಟಿಸಿದ. ಅವನ ಕುತ್ತಿಗೆ ಗೆರೆಯ ಜೊತೆ ಎಡಕ್ಕೆ ಬಾಗಿತು, ಬಲಕ್ಕೆ ಬಾಗಿತು, ತುಂಬೆಯನ್ನು ಸುತ್ತಿ ವಾಪಸು ಬಂತು. ನೂಲು ಮೇಸ್ತ್ರಿಯ ಕೈಯಿಂದ ಇಂಥ ಗೆರೆ ಬಂದದ್ದನ್ನು ಲೋಕದಲ್ಲಿ ಯಾರೂ ಕಂಡಿರಲಿಲ್ಲ. ಗೋಡೆಯ ಮೇಲೆ ಗಲ್ಲ ಊರಿಕೊಂಡಿದ್ದ ಮಾವನ ಕಿವಿ ಕೆಂಪಾಗಿತ್ತು. ಸೊಟ್ಟ ಗೆರೆ ಎಳೆದು ಶಿಷ್ಯನ ಕಣ್ಣಿಗೆ ಬಿದ್ದ ಅವಮಾನ ಒಂದು ಕಡೆ, ಹೆಂಡತಿಯ ಹೂವು ಇನ್ನೊಂದು ಕಡೆ.

ಮಾಲಿ ಸಹನೆ ಕಳೆದುಕೊಂಡು, ಹೊಡೀಲಾ ಎಂದು ಕೇಳಿದ.

ಮೇಸ್ತ್ರಿ ಎದ್ದು, ಮಂಡಿಯ ಮಣ್ಣು ಕೊಡವಿಕೊಂಡ. ಗೋಡೆಯ ಕಡೆ ಒಂದು ಸಲ ನೋಡಿದ. ಎಲ್ಲ ಅರ್ಥವಾಗಿದೆ ಎಂದು ಅವನ ಮುಖವೇ ಹೇಳುತ್ತಿತ್ತು.

"ಎಲ್ಲಾ ನೂಲಿಗೇ ನಿಂತಿದೆ ಕಣೋ," ಎಂದ. "ಇದು ಗಿಡ. ಆದೇಶದಲ್ಲಿರೋದು ಕಳೆ."

ಆಮೇಲೆ ಮೂಲೆಯಲ್ಲಿ ಸ್ವಲ್ಪ ಹೊರಗೆ ಸರಿದಿದ್ದ ಒಂದು ಇಟ್ಟಿಗೆಯನ್ನು ಕಾಲಿನಿಂದ ಒಳಕ್ಕೆ ತಳ್ಳಿ ಸರಿ ಮಾಡಿದ. ಮೆಷಿನ್ ವಾಪಸು ಹೋಯಿತು.

ಮಾವ ನನ್ನ ಕಡೆ ತಿರುಗಿದ. ನಾನು ತುಟಿಯ ಮೇಲೆ ಬೆರಳಿಟ್ಟು ಹೂವನ್ನು ತೋರಿಸಿದೆ. ನೀಲಿ ಪಟ್ಟೆಯ ದುಂಬಿಯೊಂದು ಗಂಡು ಹೂವಿನಿಂದ ಮೈಯೆಲ್ಲ ಹಳದಿ ಮಾಡಿಕೊಂಡು ಬಂದು, ನಮ್ಮ ಹೆಣ್ಣು ಹೂವಿನೊಳಗೆ ತಲೆಕೆಳಗಾಗಿ ಇಳಿದಿತ್ತು. ಅದರ ಹಿಂಭಾಗ ಮಾತ್ರ ಹೊರಗೆ ಅಲ್ಲಾಡುತ್ತಿತ್ತು. ನನಗೆ ಸೀನು ಬಂತು, ಅದನ್ನು ಒಂದು ಹೊಲಿಯದ ಅಂಗಿಯೊಳಗೆ ಅದುಮಿದೆ. ಒಂಬತ್ತರೊಳಗೆ ಇನ್ನೂ ಮೂರು ಬಂದವು. ಹೂವು ಮುಚ್ಚಿದ ಮೇಲೆ ನೋಡಿದರೆ ಮಾವ ಎರಡೂವರೆ ಮಾರು ದೂರದಲ್ಲಿ ಕೈಕಟ್ಟಿ ನಿಂತು ಅಳುತ್ತಿದ್ದ. ಕಣ್ಣಿಗೆ ಸುಣ್ಣ ಬಿದ್ದಿದೆ ಎಂದ.

ಹತ್ತರ ಹೊತ್ತಿಗೆ ಸಾಹೇಬರು ಬಂದರು. ಸುಣ್ಣದ ಇಟ್ಟಿಗೆ ಕಂಡರೆ ಯಾವ ಸಾಹೇಬರಿಗಾದರೂ ಅಲ್ಲಿ ಏನೋ ಯೋಜನೆ ಇದೆ ಅನ್ನಿಸುತ್ತದೆ. ಅವರು ಬಹಳ ಮೆಚ್ಚಿ, ಇವುಗಳ ಹೆಸರೇನು ಎಂದು ಕೇಳಿದರು. ಮೇಸ್ತ್ರಿ ಗೋಡೆಯ ಬಳಿಗೆ ಓಡಿ ಬಂದು, ಗುರುಗಳೇ, ಹೆಸರು ಬೇಕಂತೆ ಎಂದ. ಮಾವ ತುಂಬೆ, ಅಣ್ಣೆ ಎಂದು ಎರಡು ಬೆರಳು ಮಡಚಿ ಮೂರನೆಯದರಲ್ಲಿ ತಡವರಿಸಿದ. ಟೀಚರು ಹೇಳಿದ ಎರಡು ಬಿಟ್ಟರೆ ಅವನಿಗೆ ಗೊತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದಿದ್ದ. ಆಗಷ್ಟೇ ಕ್ಯಾನು ಹಿಡಿದು ಒಳಗೆ ಬಂದ ಅತ್ತೆ ಗೋಡೆಯ ಬಳಿ ನಿಂತು, ಬೆರಳು ತೋರಿಸುತ್ತಾ ಒಂದೊಂದಾಗಿ ಹೇಳಿದಳು: ಅದು ತುಂಬೆ, ಅದು ಅಣ್ಣೆ, ನೆಲದಲ್ಲಿರುವ ನೀಲಿ ವಿಷ್ಣುಕ್ರಾಂತಿ, ಹಳದಿಯದು ನೆಗ್ಗಿಲು, ಆ ಕಡೆಯದು ಉತ್ತರಣೆ. ಎಲ್ಲ ಅವಳ ಅಮ್ಮನ ಹಿತ್ತಲಿನಲ್ಲಿ ಇದ್ದವೇ. ಮಾವ ಅವಳನ್ನು ಹೊಸದಾಗಿ ಪರಿಚಯವಾದವಳಂತೆ ನೋಡಿದ. ಸಾಹೇಬರು ಕಡತದಲ್ಲಿ ‘ಕಾಡುಹೂವಿನ ತೋಟ’ ಎಂದು ಬರೆಸಿದರು. ಬರೆದಾದ ಮೇಲೆ ಅದನ್ನು ಕೀಳಲು ಇನ್ನೊಂದು ಆದೇಶ ಬೇಕು, ಆ ಕಚೇರಿಯಲ್ಲಿ ಇನ್ನೊಂದು ಆದೇಶ ಹೊರಡಲು ಇನ್ನೊಂದು ಜನ್ಮ ಬೇಕು.

ಅತ್ತೆ ದಿನಾ ಬಂದು ಮಿಡಿಯನ್ನು ನೋಡುತ್ತಿದ್ದಳು. ಅದು ನಿಂಬೆಹಣ್ಣಿನಷ್ಟಾಯಿತು. ಆ ವಾರ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಆಮೇಲೆ ಅದು ಕಿತ್ತಳೆಯಷ್ಟಾಯಿತು, ಆಮೇಲೆ ಚೆಂಬಿನಷ್ಟು, ಏಣು ಮೂಡಿ ಬೂದು ಹಿಡಿಯಿತು. ಬಳ್ಳಿ ಪೂರ್ತಿ ಒಣಗಿದ ಮೇಲೆ ಅತ್ತೆ ಅದನ್ನು ಕೊಯ್ದಳು. ಬೀಜಗಳನ್ನು ತೊಳೆದು ತಟ್ಟೆಯಲ್ಲಿ ಒಣಗಿಸಿದಾಗ ಪೌಡರ್ ಡಬ್ಬಿ ತುಂಬಿ ಮುಚ್ಚಳ ಹಾಕಲಾಗಲಿಲ್ಲ.

ಮುಂದಿನ ಮಳೆಗೆ ಅತ್ತೆ ಡಬ್ಬಿ ತೆರೆದು ಐದು ಬೀಜ ತೆಗೆದಳು. ಅಂಗಳಕ್ಕೆ ಬಂದು ಅವನ್ನು ಮಾವನ ಅಂಗೈಗೆ ಹಾಕಿದಳು. ಎರಡು ಮಾರಿನ ಅಪ್ಪಣೆ ಹೀಗೆ ರದ್ದಾಯಿತು.

"ಈ ಸಲ ನೀವು ಹಾಕಿ," ಎಂದಳು. "ಎಲ್ಲಿ ಬೇಕೋ ಅಲ್ಲಿ."

ಮಾವನ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿ. ಅವನ ನೂಲು ಇನ್ನೂ ಪಂಪ್‌ಹೌಸಿನ ಹಿಂದೆ ತುಂಬೆಗಳನ್ನು ಸುತ್ತಿಕೊಂಡು ಮಳೆಯಲ್ಲಿ ನೆನೆಯುತ್ತಿತ್ತು. ನನ್ನ ಬಳಿ ಕೇಳುತ್ತಾನೇನೋ ಎಂದು ನೋಡಿದೆ, ಕೇಳಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಅಂಗಳದಲ್ಲಿ ಮನಸ್ಸಿಗೆ ಬಂದ ಹಾಗೆ ನಡೆಯುತ್ತಾ, ಅಲ್ಲೊಂದು ಇಲ್ಲೊಂದು ಬೀಜವನ್ನು ಬೆರಳಿನಿಂದ ಮಣ್ಣಿಗೆ ಒತ್ತಿದ. ತನ್ನ ಜನ್ಮದಲ್ಲಿ ಇಷ್ಟು ಸ್ವಚ್ಛಂದವಾಗಿ ಏನನ್ನೂ ನೆಟ್ಟಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡ.

ಎಂಟನೆಯ ದಿನ ಐದೂ ಮೊಳೆತವು. ಬಾಗಿಲಿನಿಂದ ಗೋಡೆಯವರೆಗೆ, ಒಂದಕ್ಕೊಂದು ಸಮ ಅಂತರದಲ್ಲಿ, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲದೆ, ಒಂದೇ ಗೆರೆಯಲ್ಲಿ. ನಾನು ಒಂದು ಕಣ್ಣು ಮುಚ್ಚಿ ನೋಡಿದರೂ ಸೊಟ್ಟ ಸಿಗಲಿಲ್ಲ. ಮಾವನ ಮುಖ ಕಪ್ಪಿಟ್ಟಿತು. ಬಗ್ಗಿ ಮಧ್ಯದ ಸಸಿಯ ಬುಡಕ್ಕೆ ಕೈ ಹಾಕಿದ, ಅದನ್ನಾದರೂ ಕಿತ್ತು ಪಕ್ಕಕ್ಕೆ ಇಡಲು. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ ಅವನ ಕೈ ಹಿಡಿದಳು.

"ಕೀಳ್ಬೇಡಿ," ಎಂದಳು. "ಅದು ಬಂದ ಹಾಗೇ ಇರ್ಲಿ."